ಹೆಜ್ಜೆ ಓದುವವರು ಮತ್ತು ಬಿಳಿ ಹುಲ್ಲೆ



ಮಸ್ಕತ್‌ನಿಂದ ಸಲಾಲಾಕ್ಕೆ ಕಾರಿನಲ್ಲಿ ಹೋದವರು ನಿಮ್ಮಲ್ಲಿ ಹಲವರಿದ್ದೀರಿ. ಸುಮಾರು 1,000 ಕಿಲೋಮೀಟರ್ ದಾರಿ. ಅರ್ಧ ದಾರಿ ಕಳೆಯುವ ಹೊತ್ತಿಗೆ ಹೈಮಾ ಎಂಬ ಊರು ಸಿಗುತ್ತದೆ. ಅಲ್ಲಿ ಅಪ್ಪ ಪೆಟ್ರೋಲ್ ಹಾಕಿಸುತ್ತಾರೆ, ಅಮ್ಮ ಚಿತ್ರಾನ್ನದ ಡಬ್ಬಿ ಬಿಚ್ಚುತ್ತಾರೆ, ಹಿಂದಿನ ಸೀಟಿನಲ್ಲಿ ಕುಳಿತ ನೀವು "ಇನ್ನೂ ಎಷ್ಟು ದೂರ?" ಎಂದು ರಾಗ ತೆಗೆಯುತ್ತೀರಿ. ಸುತ್ತ ನೋಡಿದರೆ ಜಲ್ಲಿ ಹರಡಿದಂಥ ಬಯಲು. ಬೆಟ್ಟವಿಲ್ಲ, ಹೊಳೆಯಿಲ್ಲ, ಹಸಿರೂ ಅಷ್ಟಕ್ಕಷ್ಟೇ. ಇಲ್ಲಿ ನೋಡುವುದಕ್ಕೆ ಏನಿದೆ ಎನಿಸುವುದು ಸಹಜ. ಆದರೆ ಹೈಮಾದ ಪೂರ್ವಕ್ಕೆ ಹರಡಿರುವ ಆ ಬಯಲಿನ ಹೆಸರು ಜಿದ್ದತ್ ಅಲ್ ಹರಾಸಿಸ್. ವನ್ಯಜೀವಿಗಳ ಅಧ್ಯಯನ ಮಾಡುವವರಿಗೆ ಜಗತ್ತಿನಾದ್ಯಂತ ಗೊತ್ತಿರುವ ಹೆಸರು ಅದು. ನಿಸರ್ಗದಿಂದ ಪೂರ್ತಿಯಾಗಿ ಅಳಿದುಹೋಗಿದ್ದ ಒಂದು ಪ್ರಾಣಿಯನ್ನು ಮನುಷ್ಯರು ಮರಳಿ ತಂದು ಬಿಟ್ಟ ಜಾಗ ಅದು. ಮರಳಿ ಬಂದದ್ದು ಮತ್ತೆ ಕೈತಪ್ಪಿದ ಜಾಗವೂ ಅದೇ.

ತರಗತಿಯಲ್ಲಿ 'ವನ್ಯಜೀವಿ ಸಂರಕ್ಷಣೆ' ಎಂಬ ಪ್ರಬಂಧ ಬರೆಸಿದಾಗಲೆಲ್ಲ ಬರುವ ಉತ್ತರಗಳು ಹೆಚ್ಚುಕಡಿಮೆ ಒಂದೇ. ಮರ ನೆಡಬೇಕು, ಬೇಟೆಯಾಡಬಾರದು, ಸರ್ಕಾರ ಕಠಿಣ ಕ್ರಮ ಕೈಗೊಳ್ಳಬೇಕು. ತಪ್ಪೇನಿಲ್ಲ, ಅಂಕವನ್ನೂ ಕೊಡುತ್ತೇನೆ. ಆದರೆ ಒಂದು ಪ್ರಾಣಿಯನ್ನು ಉಳಿಸಲು ಯಾರು ಏನು ಮಾಡುತ್ತಾರೆ, ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುತ್ತಾರೆ, ನೋಟ್‌ಪುಸ್ತಕದಲ್ಲಿ ಏನು ಬರೆದುಕೊಳ್ಳುತ್ತಾರೆ ಎಂಬುದು ಯಾರ ಪ್ರಬಂಧದಲ್ಲೂ ಇರುವುದಿಲ್ಲ. ಅದಕ್ಕೇ ಈ ಪಾಠ.

ಮಹಾ ಎಂಬ ಹೆಸರು

ಆ ಪ್ರಾಣಿ ಅರೇಬಿಯನ್ ಓರಿಕ್ಸ್. ಅರಬ್ಬಿಯಲ್ಲಿ ಅದರ ಹೆಸರು 'ಮಹಾ'. ನಮಗೆ ಮಹಾ ಎಂದರೆ ದೊಡ್ಡದು. ಇಲ್ಲಿನವರಿಗೆ ದೊಡ್ಡ ಕಣ್ಣಿನ ಈ ಬಿಳಿ ಪ್ರಾಣಿ. ರಸ್ತೆ ಬದಿಯ ಪೆಟ್ರೋಲ್ ಬಂಕ್‌ಗಳ ಮೇಲೆ 'ಅಲ್ ಮಹಾ' ಎಂದು ದಿನಾ ಓದುತ್ತೀರಲ್ಲ, ಅದೇ ಇದು. ಕತಾರ್ ಏರ್‌ವೇಸ್ ವಿಮಾನದ ಬಾಲದ ಮೇಲಿರುವ ಕೊಂಬಿನ ತಲೆಯೂ ಇದರದ್ದೇ. ಹೆಣ್ಣುಮಕ್ಕಳಿಗೆ ಮಹಾ ಎಂದು ಹೆಸರಿಡುವುದುಂಟು. ಹಳೆಯ ಅರಬ್ಬಿ ಕವಿಗಳು ಚೆಲುವೆಯ ಕಣ್ಣುಗಳನ್ನು ಮಹಾದ ಕಣ್ಣಿಗೆ ಹೋಲಿಸಿದ್ದಾರೆ, ನಮ್ಮ ಕವಿಗಳು ಹರಿಣಾಕ್ಷಿ, ಮೃಗನಯನಿ ಎಂದಂತೆ. ಒಂದೇ ಸಮುದ್ರದ ಆಚೆ ಈಚೆ ದಡದವರಿಗೆ ಒಂದೇ ಹೋಲಿಕೆ ಹೊಳೆದಿದೆ ನೋಡಿ!

ಕನ್ನಡದಲ್ಲಿ ಇದನ್ನು ಏನೆಂದು ಕರೆಯೋಣ? ಜಿಂಕೆ ಎಂದುಬಿಡುವುದು ರೂಢಿ. ಆದರೆ ಚುಕ್ಕೆ ಜಿಂಕೆ, ಕಡವೆಗಳ ಕೊಂಬು ಕವಲೊಡೆದಿರುತ್ತದೆ. ಉದುರಿ ಮತ್ತೆ ಬೆಳೆಯುತ್ತದೆ. ಓರಿಕ್ಸ್‌ನ ಕೊಂಬು ಹಸುವಿನ ಕೊಂಬಿನಂತೆ ಜೀವಮಾನವಿಡೀ ಉಳಿಯುತ್ತದೆ, ಕವಲೂ ಒಡೆಯುವುದಿಲ್ಲ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಕೃಷ್ಣಮೃಗವೂ ಇದೇ ಬಗೆಯದು. ಇಂಥವಕ್ಕೆ 'ಹುಲ್ಲೆ' ಎಂಬ ಹಳೆಯ ಪದ ಚೆನ್ನಾಗಿ ಹೊಂದುತ್ತದೆ ಎಂದು ನನ್ನ ಅಭಿಪ್ರಾಯ. ಬಳಸದೆ ಬಿಟ್ಟರೆ ಪದವೂ ಅಳಿದುಹೋಗುತ್ತದೆ, ಆದ್ದರಿಂದ ನೀವು ಧಾರಾಳವಾಗಿ ಬಳಸಬಹುದು.

ಭುಜದವರೆಗೆ ಸುಮಾರು 1 ಮೀಟರ್ ಎತ್ತರ, 70 ಕಿಲೋ ಆಸುಪಾಸಿನ ತೂಕ. ಮೈ ಬಿಳುಪು, ಕಾಲು ಕಂದುಗಪ್ಪು, ಮುಖದ ಮೇಲೆ ಕಪ್ಪು ಪಟ್ಟೆ. ಗಂಡು ಹೆಣ್ಣು ಎರಡಕ್ಕೂ ನೀಳವಾದ, ಹೆಚ್ಚುಕಡಿಮೆ ನೇರವಾದ ಎರಡು ಕೊಂಬು. ಪಕ್ಕದಿಂದ ನೋಡಿದರೆ ಎರಡೂ ಸೇರಿ ಒಂದೇ ಕೊಂಬಿನಂತೆ ಕಾಣುತ್ತದೆ. ಒಂಟಿ ಕೊಂಬಿನ ಕುದುರೆಯ ಕಥೆ ಹುಟ್ಟಿದ್ದು ಇದರಿಂದಲೇ ಇರಬಹುದು ಎಂದು ಊಹಿಸಿದವರಿದ್ದಾರೆ. ಬಿಳಿ ಮೈ ಬೇಸಿಗೆಯ ಬಿಸಿಲನ್ನು ಹಿಂದಕ್ಕೆ ಅಟ್ಟುತ್ತದೆ. ಚಳಿಗಾಲದಲ್ಲಿ ಕೂದಲು ದಟ್ಟವಾಗಿ, ಕಾಲಿನ ಬಣ್ಣ ಇನ್ನಷ್ಟು ಗಾಢವಾಗುತ್ತದೆ. ಮಧ್ಯಾಹ್ನ ಮರದ ಬುಡದಲ್ಲಿ ಗೊರಸಿನಿಂದ ಮಣ್ಣು ಕೆದರಿ, ತಂಪಾದ ಗುಳಿ ಮಾಡಿಕೊಂಡು ಮಲಗುತ್ತದೆ. ಆ ಮರಗಳಲ್ಲಿ ಒಂದು ಗಾಫ್. ನಾವು ವಿಜಯದಶಮಿಯಂದು ಪೂಜಿಸುವ ಶಮೀ, ಅಂದರೆ ಬನ್ನಿ ಮರದ ಜಾತಿಯೇ ಅದು.

ಇನ್ನು ನೀರು. ವಾರಗಟ್ಟಲೆ ನೀರು ಕುಡಿಯದೆ ಇದು ಬದುಕಬಲ್ಲದು. ಅರಬ್ಬಿ ಸಮುದ್ರದ ಕಡೆಯಿಂದ ಬರುವ ಮಂಜು ರಾತ್ರಿ ಹೊತ್ತು ಆ ಬಯಲಿನ ಗಿಡಗಳ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಎಲೆಯ ಜೊತೆಗೆ ಆ ತೇವವೇ ಅದಕ್ಕೆ ನೀರು. ಸೌದಿ ಅರೇಬಿಯಾದಲ್ಲಿ ಸಂಶೋಧಕರು ಕೆಲವು ಓರಿಕ್ಸ್‌ಗಳ ದೇಹದೊಳಗೆ ಪುಟ್ಟ ರೇಡಿಯೋ ಉಪಕರಣ ಇಟ್ಟು ಮೈ ಉಷ್ಣತೆಯನ್ನು ಅಳೆದರು. ಬೇಸಿಗೆಯಲ್ಲಿ ಹಗಲಿಗೂ ರಾತ್ರಿಗೂ ನಡುವೆ ಸರಾಸರಿ 4 ಡಿಗ್ರಿಯಷ್ಟು ವ್ಯತ್ಯಾಸ ಕಂಡಿತು. ನಮಗೆ 2 ಡಿಗ್ರಿ ಏರಿದರೆ ಜ್ವರ, ಶಾಲೆಗೆ ರಜೆ! ಓರಿಕ್ಸ್ ಬೆವರಿ ನೀರು ಕಳೆದುಕೊಳ್ಳುವ ಬದಲು ಹಗಲಿನ ಶಾಖವನ್ನು ಮೈಯಲ್ಲೇ ತಡೆದಿಟ್ಟು, ರಾತ್ರಿಯ ತಂಪಿನಲ್ಲಿ ಹೊರಹಾಕುತ್ತದೆ.

ಕೊನೆಯ ಹೆಜ್ಜೆಗಳು

ಇಷ್ಟೊಂದು ಗಟ್ಟಿ ಜೀವ ಅಳಿದದ್ದು ಹೇಗೆ? ಬಿಸಿಲಿನಿಂದಲ್ಲ, ಬರದಿಂದಲೂ ಅಲ್ಲ. ಒಂಟೆಯ ಮೇಲೆ ಹೋಗಿ ಬೇಟೆಯಾಡುತ್ತಿದ್ದ ಕಾಲದಲ್ಲಿ ಒಂದು ಓರಿಕ್ಸ್ ಸಿಗಬೇಕಾದರೆ ದಿನಗಟ್ಟಲೆ ಅಲೆಯಬೇಕಿತ್ತು. ಎರಡನೇ ಮಹಾಯುದ್ಧದ ನಂತರ ಮರುಭೂಮಿಗೆ ಮೋಟಾರು ವಾಹನ ಬಂತು, ಜೊತೆಗೆ ಒಂದೇ ಸಮನೆ ಗುಂಡು ಹಾರಿಸುವ ಬಂದೂಕು ಬಂತು. ಮರೆಯಾಗಲು ಒಂದು ಪೊದೆಯೂ ಇಲ್ಲದ ಬಯಲಿನಲ್ಲಿ ಬಿಳಿ ಪ್ರಾಣಿ ಎಲ್ಲಿ ತಾನೇ ಅಡಗೀತು? 1972ರ ಅಕ್ಟೋಬರ್‌ನಲ್ಲಿ ಹೊರಗಿನಿಂದ ಬಂದ ಬೇಟೆಗಾರರ ತಂಡವೊಂದು ಜಿದ್ದತ್ ಅಲ್ ಹರಾಸಿಸ್‌ನಲ್ಲಿ ಉಳಿದಿದ್ದ ಕೊನೆಯ ಹಿಂಡನ್ನು ಮುಗಿಸಿತು. ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದದ್ದೂ ಅದೇ 1972ರಲ್ಲಿ. ಬಂಡೀಪುರದಲ್ಲಿ ಹುಲಿ ಯೋಜನೆ ಆರಂಭವಾದದ್ದು ಮರುವರ್ಷ. ಒಂದು ಕಡೆ ಬಾಗಿಲು ಮುಚ್ಚುತ್ತಿದ್ದಾಗ ಇನ್ನೊಂದು ಕಡೆ ಎಚ್ಚರವಾಗುತ್ತಿತ್ತು.

ಹೀಗಾಗಬಹುದು ಎಂದು 10 ವರ್ಷ ಮೊದಲೇ ಕಂಡುಕೊಂಡವರಿದ್ದರು. 1962ರಲ್ಲಿ ಬ್ರಿಟನ್ನಿನ ಪ್ರಾಣಿ ಸಂರಕ್ಷಣಾ ಸಂಘವೊಂದು ಆಪರೇಷನ್ ಓರಿಕ್ಸ್ ಎಂಬ ಕಾರ್ಯಾಚರಣೆ ನಡೆಸಿತು. ಕೆನ್ಯಾದ ವನ್ಯಜೀವಿ ಅಧಿಕಾರಿ ಮೇಜರ್ ಇಯಾನ್ ಗ್ರಿಮ್‌ವುಡ್ ಅದರ ಮುಖ್ಯಸ್ಥರು. ಇಂದಿನ ಯೆಮೆನ್‌ನ ಪೂರ್ವ ಭಾಗದ ಮರುಭೂಮಿಯಲ್ಲಿ ಹುಡುಕಿ ಹುಡುಕಿ ಅವರ ತಂಡ ಹಿಡಿದದ್ದು ಬರೀ 4 ಓರಿಕ್ಸ್, ಅದರಲ್ಲಿ ಒಂದು ಸತ್ತಿತು. ಉಳಿದ 3ನ್ನು ಕೆನ್ಯಾದ ಮೂಲಕ 1963ರಲ್ಲಿ ಅಮೆರಿಕದ ಅರಿಝೋನಾದ ಫೀನಿಕ್ಸ್ ಮೃಗಾಲಯಕ್ಕೆ ಕಳುಹಿಸಿದರು. ಅಲ್ಲಿನ ಒಣ ಹವೆ ಇಲ್ಲಿನದನ್ನು ಹೋಲುತ್ತದೆ ಎಂಬುದೇ ಕಾರಣ. ಲಂಡನ್ ಮೃಗಾಲಯ 1, ಕುವೈತ್ 1, ಸೌದಿ ಅರೇಬಿಯಾದ ದೊರೆ ಸೌದ್ 4 ಓರಿಕ್ಸ್‌ಗಳನ್ನು ಕೊಟ್ಟರು. ಎಲ್ಲ ಸೇರಿ 9. ಈ ಗುಂಪಿಗೆ 'ವಿಶ್ವ ಹಿಂಡು' ಎಂದು ಹೆಸರಾಯಿತು.

ಒಂಬತ್ತೇ ಪ್ರಾಣಿಗಳಿಂದ ಸಂತತಿ ಬೆಳೆಸುವುದು ಸುಲಭವಲ್ಲ. ಹತ್ತಿರದ ಸಂಬಂಧದಲ್ಲೇ ಮರಿಯಾದರೆ ದುರ್ಬಲವಾಗುವ ಭಯ. ಅದಕ್ಕಾಗಿ ಪ್ರತಿಯೊಂದರ ವಂಶಾವಳಿಯನ್ನು ಪುಸ್ತಕದಲ್ಲಿ ಬರೆದಿಟ್ಟರು: ತಾಯಿ ಯಾರು, ತಂದೆ ಯಾರು, ಎಲ್ಲಿ ಹುಟ್ಟಿತು, ಯಾವ ಮೃಗಾಲಯಕ್ಕೆ ಹೋಯಿತು. ನಮ್ಮ ಮನೆಗಳಲ್ಲಿ ಮದುವೆಗೆ ಮುಂಚೆ ಗೋತ್ರ ಕೇಳುತ್ತಾರಲ್ಲ, ಹಾಗೆಯೇ ಅನ್ನಿ. ಸಂರಕ್ಷಣೆ ಎಂದರೆ ಕಾಡಿನ ಸಾಹಸ ಎಂದುಕೊಂಡವರಿಗೆ ಇದು ನೀರಸ ಎನಿಸಬಹುದು. ಆದರೆ ಓರಿಕ್ಸ್ ಉಳಿದದ್ದರಲ್ಲಿ ಆ ಲೆಕ್ಕದ ಪುಸ್ತಕದ ಪಾಲು ಬಂದೂಕು ಹಿಡಿದ ಕಾವಲುಗಾರನ ಪಾಲಿಗಿಂತ ಕಡಿಮೆಯದಲ್ಲ.

ಹರಾಸಿಸ್ ಜನ

ಸುಲ್ತಾನ್ ಕಾಬೂಸ್ ಅವರ ಬೆಂಬಲದಿಂದ ಒಮಾನ್‌ನಲ್ಲಿ ಓರಿಕ್ಸ್ ಅನ್ನು ಮರಳಿ ನೆಲೆಗೊಳಿಸುವ ಯೋಜನೆ ಸಿದ್ಧವಾಯಿತು. 1980ರಲ್ಲಿ ಅಮೆರಿಕದಿಂದ ಮೊದಲ ಓರಿಕ್ಸ್‌ಗಳು ಹೈಮಾದ ಪೂರ್ವಕ್ಕಿರುವ ಜಾಲೂನಿ ಎಂಬಲ್ಲಿಗೆ ಬಂದವು. ತಂದ ತಕ್ಷಣ ಬಯಲಿಗೆ ಬಿಟ್ಟರೇ? ಇಲ್ಲ. ಬೇರೆ ಬೇರೆ ಕಡೆ ಬೆಳೆದ ಪ್ರಾಣಿಗಳು ಒಂದು ಹಿಂಡಾಗಬೇಕಲ್ಲ! ಮೊದಲು ಚಿಕ್ಕ ದೊಡ್ಡಿ, ಆಮೇಲೆ 1 ಚದರ ಕಿಲೋಮೀಟರ್‌ನ ಬೇಲಿಯೊಳಗಿನ ಬಯಲು. ಯಾರು ಮುಂದೆ ನಡೆಯಬೇಕು, ಯಾರು ಯಾರಿಗೆ ದಾರಿ ಬಿಡಬೇಕು ಎಂಬುದನ್ನು ಅವು ತಮ್ಮತಮ್ಮಲ್ಲೇ ತೀರ್ಮಾನಿಸಿಕೊಂಡ ಮೇಲೆ, 1982ರ ಜನವರಿ 31ರಂದು 10 ಓರಿಕ್ಸ್‌ಗಳಿಗೆ ಬೇಲಿಯ ಬಾಗಿಲು ತೆರೆದರು. ಹತ್ತು ವರ್ಷಗಳ ನಂತರ ಆ ನೆಲದ ಮೇಲೆ ಮತ್ತೆ ಓರಿಕ್ಸ್ ಹೆಜ್ಜೆ ಬಿತ್ತು.

ಮುಂದಿನದು ನನಗೆ ಈ ಕಥೆಯಲ್ಲೇ ಬಹಳ ಇಷ್ಟವಾದ ಭಾಗ. ಆ ಓರಿಕ್ಸ್‌ಗಳನ್ನು ಕಾಯುವ ಕೆಲಸಕ್ಕೆ ಸೇರಿದವರು ಅದೇ ಬಯಲಿನ ಹರಾಸಿಸ್ ಬುಡಕಟ್ಟಿನವರು. ಒಂಟೆ, ಮೇಕೆ ಸಾಕಿಕೊಂಡು, ನೀರು ಸಿಗದ ನೆಲದಲ್ಲಿ ಅವುಗಳ ಹಾಲನ್ನೇ ನೆಚ್ಚಿ ಬದುಕಿದ ಜನ. ಅವರ ಮಾತು ಹರ್ಸೂಸಿ. ಅರಬ್ಬಿಗೆ ದೂರದ ನಂಟು, ಆದರೆ ಬೇರೆಯೇ ಭಾಷೆ, ತನ್ನದೇ ಲಿಪಿಯಿಲ್ಲ. ಭಾಷಾಶಾಸ್ತ್ರಜ್ಞ ಟಿ. ಎಂ. ಜಾನ್‌ಸ್ಟನ್ 1977ರಲ್ಲಿ ಅದರ ಪದಕೋಶವೊಂದನ್ನು ಪ್ರಕಟಿಸಿದರು. ಯುನೆಸ್ಕೋ ಅದನ್ನು ಅಳಿವಿನ ಅಂಚಿನ ಭಾಷೆಗಳ ಪಟ್ಟಿಯಲ್ಲಿ ಸೇರಿಸಿದೆ. ಅಳಿದ ಪ್ರಾಣಿಯನ್ನು ಮರಳಿ ತಂದವರ ಮಾತೇ ಅಳಿವಿನ ಅಂಚಿನಲ್ಲಿದೆ ಎಂಬುದು ಭಾಷೆ ಕಲಿಸುವ ನನ್ನಂಥವಳಿಗೆ ಒಳಗೇ ಚುಚ್ಚುವ ವಿಷಯ.

ಮರುಭೂಮಿಯಲ್ಲಿ ಕಳೆದುಹೋದ ಒಂಟೆಯನ್ನು ಹೆಜ್ಜೆ ನೋಡಿ ಹುಡುಕುವುದು ಹರಾಸಿಸರಿಗೆ ಬಾಲ್ಯದಿಂದ ಬಂದ ವಿದ್ಯೆ. ಈಗ ಅದೇ ವಿದ್ಯೆ ಓರಿಕ್ಸ್‌ಗೆ ಉಪಯೋಗವಾಯಿತು. ಹೆಜ್ಜೆಯ ಅಂಚು ಚೂಪಾಗಿದ್ದರೆ ಹೊಸದು, ಗಾಳಿ ಸವೆಸಿದ್ದರೆ ಹಳೆಯದು. ರಾತ್ರಿಯ ಇಬ್ಬನಿ ಬಿದ್ದ ಮೇಲೆ ನಡೆದದ್ದೋ ಮೊದಲೋ? ಜೊತೆಯಲ್ಲಿ ಮರಿ ಇದೆಯೋ? ಹಿಂಡು ಮೇಯುತ್ತಾ ನಿಧಾನವಾಗಿ ಸಾಗಿದೆಯೋ, ಎಲ್ಲಿಗೋ ಹೊರಟಂತೆ ನೇರವಾಗಿ ನಡೆದಿದೆಯೋ? ನಾವು ಓದುವುದು ಅಕ್ಷರವನ್ನು, ಅವರು ಓದುವುದು ನೆಲವನ್ನು. ಹಿಂಡನ್ನು ಕಣ್ಣಾರೆ ಕಂಡ ಮೇಲೆ ಯಾವ ಯಾವ ಪ್ರಾಣಿ ಇದೆ, ಯಾವುದು ಇಲ್ಲ, ಯಾವುದು ಮರಿ ಹಾಕಿದೆ, ಎಲ್ಲಿ ಏನು ಮೇಯುತ್ತಿದೆ ಎಂದು ದಾಖಲಿಸುತ್ತಿದ್ದರು. ಪ್ರತಿ ಓರಿಕ್ಸ್‌ಗೂ ಗುರುತಿತ್ತು. ಕೆಲವಕ್ಕೆ ಕೊರಳಲ್ಲಿ ರೇಡಿಯೋ ಪಟ್ಟಿಯೂ ಇತ್ತು. ಯೋಜನೆಯ ಮುಖ್ಯಸ್ಥರಾಗಿದ್ದ ವಿಜ್ಞಾನಿ ಮಾರ್ಕ್ ಸ್ಟಾನ್ಲಿ ಪ್ರೈಸ್ 1989ರಲ್ಲಿ ಇದೆಲ್ಲವನ್ನೂ ಸೇರಿಸಿ ದೊಡ್ಡ ಪುಸ್ತಕವನ್ನೇ ಬರೆದರು. ಪ್ರಾಣಿಗಳನ್ನು ಮರಳಿ ನೆಲೆಗೊಳಿಸುವ ಕೆಲಸಕ್ಕೆ ಇಳಿಯುವವರು ಇಂದಿಗೂ ಅದನ್ನು ಓದುತ್ತಾರೆ. ಅದರ ಹಿಂದಿರುವುದು ಹರಾಸಿಸ್ ಕಾವಲುಗಾರರು ದಿನದಿನವೂ ಕಂಡು ತಂದ ವಿವರ. ಹನಿ ಹನಿಗೂಡಿದರೆ ಹಳ್ಳ ಎನ್ನುತ್ತೇವೆ. ಮರುಭೂಮಿಯಲ್ಲೂ ಅದು ನಿಜ.

ಹೀಗೆ ನೋಡುತ್ತಾ ಹೋದಂತೆ ಒಂದು ವಿಷಯ ತಿಳಿಯಿತು. ಎಲ್ಲೋ ದೂರದಲ್ಲಿ ಮಳೆ ಬಿದ್ದರೆ ಓರಿಕ್ಸ್ ಹಿಂಡು ಅತ್ತ ಹೊರಡುತ್ತದೆ, ಹೊಸ ಚಿಗುರಿರುವ ಜಾಗಕ್ಕೆ ನಡೆದು ಹೋಗುತ್ತದೆ. ಅಂದರೆ ಇದಕ್ಕೆ ಬೇಕಾದದ್ದು ಒಂದು ತೋಟವಲ್ಲ, ಆಕಾಶದ ಲಹರಿಯನ್ನು ಹಿಂಬಾಲಿಸುವಷ್ಟು ವಿಶಾಲವಾದ ಬಯಲು. ಆದ್ದರಿಂದಲೇ ಓರಿಕ್ಸ್ ಅಭಯಾರಣ್ಯಕ್ಕೆ 27,500 ಚದರ ಕಿಲೋಮೀಟರ್ ಜಾಗ ಗುರುತಿಸಿದ್ದರು. ಇಡೀ ಕರ್ನಾಟಕದ ಏಳನೇ ಒಂದು ಭಾಗದಷ್ಟು! 1994ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. 1996ರ ಹೊತ್ತಿಗೆ ಓರಿಕ್ಸ್‌ಗಳ ಸಂಖ್ಯೆ 450 ಮುಟ್ಟಿತು.

ಬೆಲೆ ಬಂದಾಗ

ಪಾಠ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ಮುಗಿಸುತ್ತವೆ.

1996ರಲ್ಲಿ ಕಳ್ಳಬೇಟೆ ಮತ್ತೆ ಶುರುವಾಯಿತು. ಈ ಸಲ ಮಾಂಸಕ್ಕಲ್ಲ, ಕೊಂಬಿಗೂ ಅಲ್ಲ. ಜೀವಂತ ಓರಿಕ್ಸ್ ಹಿಡಿದು ಖಾಸಗಿ ಸಂಗ್ರಹಗಳಿಗೆ ಮಾರುವ ದಂಧೆ. ಸಾಕಿ ಮರಿ ಮಾಡಿಸುವವರಿಗೆ ಹೆಣ್ಣು ಬೇಕು, ಆದ್ದರಿಂದ ಹೆಣ್ಣು ಮತ್ತು ಮರಿಗಳ ಮೇಲೆಯೇ ಕಣ್ಣು. ಬೆನ್ನಟ್ಟಿ ಹಿಡಿಯುವಾಗಲೇ ಎಷ್ಟೋ ಸತ್ತವು. 1998ರ ಸೆಪ್ಟೆಂಬರ್ ಹೊತ್ತಿಗೆ ಬಯಲಿನಲ್ಲಿ ಅಂದಾಜು 138 ಉಳಿದಿದ್ದವು. ಅವುಗಳಲ್ಲಿ ಹೆಣ್ಣು 28 ಮಾತ್ರ. ಇನ್ನು ತಡ ಮಾಡಿದರೆ ಏನೂ ಉಳಿಯದು ಎಂದು 40 ಓರಿಕ್ಸ್‌ಗಳನ್ನು ಮತ್ತೆ ಜಾಲೂನಿಯ ಬೇಲಿಯೊಳಕ್ಕೆ ತಂದರು. 1982ರಲ್ಲಿ ತೆರೆದ ಬಾಗಿಲನ್ನು ತಾವೇ ಮುಚ್ಚಬೇಕಾಗಿ ಬಂದ ಆ ಕಾವಲುಗಾರರ ಮನಸ್ಸು ಹೇಗಿದ್ದಿರಬಹುದು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

1999ರ ಜನವರಿಯ ಲೆಕ್ಕ ನೋಡಿ: ಬಯಲಿನಲ್ಲಿ ಗಂಡು ಸುಮಾರು 85, ಹೆಣ್ಣು 11. ಒಟ್ಟು 96 ಎಂದರೆ ಪರವಾಗಿಲ್ಲ ಎನಿಸುತ್ತದೆ. ಆದರೆ ಓರಿಕ್ಸ್ ಒಂದು ಸಲಕ್ಕೆ ಹಾಕುವುದು ಒಂದೇ ಮರಿ, ಗರ್ಭಾವಧಿ ಎಂಟೂವರೆ ತಿಂಗಳು. 11 ಹೆಣ್ಣಿದ್ದರೆ ವರ್ಷಕ್ಕೆ ಹೆಚ್ಚೆಂದರೆ ಎಷ್ಟು ಮರಿ? ಗಂಡು 85 ಇದ್ದರೂ 850 ಇದ್ದರೂ ಉತ್ತರ ಬದಲಾಗುವುದಿಲ್ಲ. ಬರೀ ತಲೆ ಎಣಿಸಿದರೆ ಸಾಲದು, ಯಾವುದು ಹೆಣ್ಣು, ಯಾವುದು ಮರಿ ಎಂದು ಬರೆದಿಡಬೇಕು ಎನ್ನುವುದು ಇದಕ್ಕೇ.

2007ರಲ್ಲಿ ಉಳಿದಿದ್ದವು 65, ಮರಿ ಹಾಕುವ ಜೋಡಿಗಳು ನಾಲ್ಕೇ. ಅಭಯಾರಣ್ಯದ ವಿಸ್ತೀರ್ಣವನ್ನು 90 ಶೇಕಡಾ ಕಡಿಮೆ ಮಾಡಿ, ತೈಲ ಶೋಧನೆಗೆ ಅವಕಾಶ ಕೊಡುವ ತೀರ್ಮಾನವೂ ಆಗಿತ್ತು. ಆ ವರ್ಷ ಯುನೆಸ್ಕೋ ಈ ತಾಣವನ್ನು ವಿಶ್ವ ಪರಂಪರೆಯ ಪಟ್ಟಿಯಿಂದ ತೆಗೆದುಹಾಕಿತು. ಪಟ್ಟಿಯಿಂದ ಹೊರಬಿದ್ದ ಜಗತ್ತಿನ ಮೊಟ್ಟಮೊದಲ ತಾಣ ಇದು.

ಎಲ್ಲಿ ತಪ್ಪಿತು? ಪ್ರಾಣಿಯ ಅಧ್ಯಯನದಲ್ಲಿ ಕೊರತೆ ಇರಲಿಲ್ಲ, ಅದನ್ನು ಇಷ್ಟು ಚೆನ್ನಾಗಿ ಬಲ್ಲವರು ಬೇರೆಲ್ಲೂ ಇರಲಿಲ್ಲ. ಹರಾಸಿಸ್ ಜನರ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದ ಮಾನವಶಾಸ್ತ್ರಜ್ಞೆ ಡಾನ್ ಚಾಟಿ ಬೇರೊಂದು ಮಾತು ಹೇಳುತ್ತಾರೆ. ಯೋಜನೆ ರೂಪಿಸುವಾಗ ಆ ನೆಲದ ಪಶುಪಾಲಕರನ್ನು ಸರಿಯಾಗಿ ಕೇಳಲಿಲ್ಲ. ಕೆಲವರಿಗೆ ಕಾವಲು ಕೆಲಸ ಸಿಕ್ಕಿತು, ಉಳಿದವರಿಗೆ ನಿರ್ಬಂಧಗಳಷ್ಟೇ ಸಿಕ್ಕವು ಎಂಬುದು ಅವರ ಟೀಕೆ. ನನಗೂ ಇದರಲ್ಲಿ ಹುರುಳಿದೆ ಎನಿಸುತ್ತದೆ. ಆದರೆ ಇಷ್ಟನ್ನೇ ಕಾರಣ ಎನ್ನಲಾರೆ. ಕೊಳ್ಳುವವನು ಇಲ್ಲದಿದ್ದರೆ ಹಿಡಿಯುವವನೂ ಇರುತ್ತಿರಲಿಲ್ಲ. ನೂರು ಕಾವಲುಗಾರರ ನಿಷ್ಠೆಯನ್ನು ದೂರದ ಒಬ್ಬ ಶ್ರೀಮಂತನ ಷೋಕಿ ಸೋಲಿಸಬಲ್ಲದು.

ಕಣ್ಣಿಗೆ ಬೀಳದವನ್ನು ಎಣಿಸುವುದು

ಬಯಲಿನ ಬಿಳಿ ಹುಲ್ಲೆಯನ್ನೇನೋ ಹೆಜ್ಜೆ ಹಿಡಿದು ಹೋಗಿ ನೋಡಬಹುದು. ದೋಫಾರಿನ ಜಬಲ್ ಸಮ್‌ಹಾನ್ ಬೆಟ್ಟಗಳ ಅರೇಬಿಯನ್ ಚಿರತೆಯನ್ನು? ನಾಗರಹೊಳೆಯ ಹುಲಿಯನ್ನು? ಎರಡಕ್ಕೂ ಒಂದೇ ಉಪಾಯ: ಪ್ರಾಣಿ ಮುಂದೆ ಹಾದರೆ ತಾನಾಗಿಯೇ ಕ್ಲಿಕ್ಕಿಸುವ ಕ್ಯಾಮೆರಾ. ಚಿರತೆಯ ಚುಕ್ಕೆ, ಹುಲಿಯ ಪಟ್ಟೆ ನಮ್ಮ ಬೆರಳಚ್ಚಿನಂತೆ, ಒಂದರಂತೆ ಇನ್ನೊಂದು ಇರುವುದಿಲ್ಲ. ಎಡ ಮೈಯ ಪಟ್ಟೆಯೂ ಬಲ ಮೈಯ ಪಟ್ಟೆಯೂ ಬೇರೆ, ಹಾಗಾಗಿ ದಾರಿಯ ಎರಡೂ ಬದಿಗೆ ಕ್ಯಾಮೆರಾ ಕಟ್ಟುತ್ತಾರೆ. ನಾಗರಹೊಳೆಯಲ್ಲಿ ಈ ವಿಧಾನದಿಂದ ಹುಲಿಗಳನ್ನು ಅಂದಾಜು ಮಾಡಿ 1995ರಲ್ಲಿ ಪ್ರಕಟಿಸಿದವರು ಕರ್ನಾಟಕದ ವಿಜ್ಞಾನಿ ಉಲ್ಲಾಸ ಕಾರಂತರು. ಜಬಲ್ ಸಮ್‌ಹಾನ್‌ನಲ್ಲಿ ಕ್ಯಾಮೆರಾ ಕೆಲಸ 1997ರಿಂದ ನಡೆದಿದೆ.

ಸಿಕ್ಕ ಚಿತ್ರಗಳಿಂದ ಸಿಗದವುಗಳ ಲೆಕ್ಕ ಹೇಗೆ? ಮನೆಯಲ್ಲಿ ಮಾಡಿ ನೋಡಿ. ಡಬ್ಬಿಯಲ್ಲಿ ಎಣಿಸದೆ ಒಂದಷ್ಟು ಅವರೆಕಾಳು ಹಾಕಿ. 20 ಕಾಳು ತೆಗೆದು ಪೆನ್ನಿನಿಂದ ಗುರುತು ಮಾಡಿ, ಮತ್ತೆ ಡಬ್ಬಿಗೆ ಹಾಕಿ ಚೆನ್ನಾಗಿ ಕುಲುಕಿ. ಕಣ್ಣು ಮುಚ್ಚಿ ಇನ್ನೊಮ್ಮೆ 20 ತೆಗೆಯಿರಿ. ಅದರಲ್ಲಿ ಗುರುತಿನವು 5 ಬಂದರೆ, ಅಂದರೆ ಕಾಲು ಭಾಗ ಬಂದರೆ, ನೀವು ಮೊದಲು ಗುರುತು ಹಾಕಿದ್ದು ಡಬ್ಬಿಯ ಕಾಲು ಭಾಗಕ್ಕೆ ಎಂದಾಯಿತು. ಒಟ್ಟು ಕಾಳು ಸುಮಾರು 80. ಹುಲಿಯ ಲೆಕ್ಕ ಇನ್ನೂ ಜಟಿಲ, ಆದರೆ ಬೀಜ ಇದೇ.

ಇದಕ್ಕೂ ಮೊದಲು ಭಾರತದಲ್ಲಿ ಹುಲಿಯ ಹೆಜ್ಜೆ ಗುರುತಿನ ಅಚ್ಚು ತೆಗೆದು, ಇದು ಇಂಥ ಹುಲಿ ಎಂದು ನಿರ್ಧರಿಸಿ ಎಣಿಸುತ್ತಿದ್ದರು. ರಾಜಸ್ಥಾನದ ಸರಿಸ್ಕಾದಲ್ಲಿ ದಾಖಲೆಯ ಪ್ರಕಾರ ಹುಲಿಗಳಿದ್ದವು. 2005ರಲ್ಲಿ ಹುಡುಕಿದರೆ ಒಂದೂ ಇರಲಿಲ್ಲ! ಹಾಗಾದರೆ ಹರಾಸಿಸರ ಹೆಜ್ಜೆ ವಿದ್ಯೆ ಗೆದ್ದು ಇದು ಸೋತದ್ದೇಕೆ? ಹರಾಸಿಸ್ ಕಾವಲುಗಾರ ಹೆಜ್ಜೆಯನ್ನು ಹಿಡಿದು ಹೋಗಿ ಪ್ರಾಣಿಯನ್ನೇ ಕಣ್ಣಾರೆ ಕಂಡು ಬರುತ್ತಿದ್ದ. ಇಲ್ಲಿ ಹೆಜ್ಜೆಯನ್ನೇ ಪ್ರಾಣಿ ಎಂದು ಬರೆದುಕೊಂಡರು. ಆನಂತರ ಕ್ಯಾಮೆರಾ ವಿಧಾನ ದೇಶದಾದ್ಯಂತ ಬಂತು. 2006ರ ಗಣತಿಯಲ್ಲಿ ಭಾರತದ ಹುಲಿಗಳ ಅಂದಾಜು 1,411, 2022ರಲ್ಲಿ 3,682. ಅದರಲ್ಲಿ ಕರ್ನಾಟಕದ್ದು 563.

ಈಗ ಎಲ್ಲಿವೆ?

ಒಮಾನ್‌ನ ಓರಿಕ್ಸ್‌ಗಳು ಈಗ ಹೈಮಾ ಬಳಿಯ ಅಲ್ ವುಸ್ತಾ ವನ್ಯಜೀವಿ ಮೀಸಲು ಪ್ರದೇಶದಲ್ಲಿ, ಬೇಲಿಯೊಳಗೆ, ನೂರಾರು ಸಂಖ್ಯೆಯಲ್ಲಿವೆ. ಅನುಮತಿ ಪಡೆದು ನೋಡಬಹುದು. ಸೌದಿ ಅರೇಬಿಯಾ 1990ರಲ್ಲಿ ಮಹಾಝತ್ ಅಸ್ ಸೈದ್‌ನಲ್ಲಿ, 1995ರಲ್ಲಿ ರುಬ್ ಅಲ್ ಖಾಲಿಯ ಪಶ್ಚಿಮ ಅಂಚಿನ ಉರೂಕ್ ಬನಿ ಮಆರಿದ್‌ನಲ್ಲಿ ಓರಿಕ್ಸ್‌ಗಳನ್ನು ಬಿಟ್ಟಿತು. ಉರೂಕ್ ಬನಿ ಮಆರಿದ್ 2023ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಅಬುಧಾಬಿ, ಜೋರ್ಡಾನ್‌ಗಳಲ್ಲೂ ಇಂಥ ಪ್ರಯತ್ನಗಳಾಗಿವೆ. 2011ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ನಿಸರ್ಗದಲ್ಲಿರುವ ಓರಿಕ್ಸ್‌ಗಳ ಸಂಖ್ಯೆ ಸುಮಾರು 1,000 ಎಂದು ಅಂದಾಜಿಸಿ, ಅದರ ಅಪಾಯದ ದರ್ಜೆಯನ್ನು ಇಳಿಸಿತು. ಒಮ್ಮೆ ನಿಸರ್ಗದಿಂದ ಅಳಿದುಹೋಗಿದ್ದ ಪ್ರಾಣಿಯೊಂದು ಮೂರು ದರ್ಜೆ ಸುಧಾರಿಸಿದ್ದು ಅದೇ ಮೊದಲು. ಸಂತೋಷದ ಸಂಗತಿಯೇ.

ಆದರೂ ಬೇಲಿಯ ಬಗ್ಗೆ ಒಂದು ಮಾತು. ಮಹಾಝತ್‌ನ ಸುಮಾರು 2,200 ಚದರ ಕಿಲೋಮೀಟರ್ ಪ್ರದೇಶಕ್ಕೆ ಸುತ್ತಲೂ ಬೇಲಿಯಿದೆ. ಕಳ್ಳ ಬರುವುದಿಲ್ಲ, ಸರಿ. ಆದರೆ 1999ರಿಂದ 2008ರ ನಡುವಿನ ಬರಗಾಲಗಳಲ್ಲಿ ಅಲ್ಲಿ ನೂರಾರು ಓರಿಕ್ಸ್‌ಗಳು ಸತ್ತವು. ಮಳೆ ಬಿದ್ದ ಕಡೆ ನಡೆದು ಹೋಗುವುದು ಅವುಗಳ ಹುಟ್ಟುಗುಣ. ಬೇಲಿಯಾಚೆ ಮಳೆ ಬಿದ್ದರೆ ಅವು ಎಲ್ಲಿಗೆ ಹೋಗಬೇಕು?

ಪ್ರಾಣಿಯನ್ನು ಕೊಂಡು ಮನೆಗೆ ತರುವ ಆಸೆಯ ಬಗ್ಗೆ ಪೋಷಕರಿಗೂ ಒಂದು ಮಾತು. ನಮ್ಮ ಕಡೆಯ ನಕ್ಷತ್ರ ಆಮೆಯನ್ನು ಸಾಕುವ ಷೋಕಿಗಾಗಿ ವಿದೇಶಗಳಿಗೆ ಕದ್ದು ಸಾಗಿಸುತ್ತಾರೆ. 2019ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅತ್ಯಂತ ಬಿಗಿಯಾದ ನಿಷೇಧ ಬಂತು. ಮಗು ಹಟ ಮಾಡಿತೆಂದು ಎಲ್ಲಿಂದ ಬಂದಿದೆ ಎಂದು ಕೇಳದೆ ಆಮೆಯನ್ನೋ ಗಿಳಿಯನ್ನೋ ಕೊಂಡರೆ, ಹೈಮಾದ ಬಯಲಿನಲ್ಲಿ ನಡೆದದ್ದೇ ಸಣ್ಣ ಪ್ರಮಾಣದಲ್ಲಿ ನಮ್ಮ ಹಾಲ್‌ನಲ್ಲೂ ನಡೆದಂತೆ.

ಮಾಡಿ ನೋಡಿ

ಓರಿಕ್ಸ್ ಎಲ್ಲರ ಮನೆ ಹತ್ತಿರ ಸಿಗುವುದಿಲ್ಲ. ಆದರೆ ನಿಮ್ಮ ಕಟ್ಟಡದ ಸುತ್ತ ಬೀದಿ ಬೆಕ್ಕುಗಳಿವೆಯಲ್ಲ! ಒಂದು ಸಂಜೆ ಅರ್ಧ ಗಂಟೆ ಸುತ್ತಾಡಿ, ಕಂಡ ಪ್ರತಿ ಬೆಕ್ಕಿನ ಎರಡೂ ಪಕ್ಕದ ಫೋಟೋವನ್ನು ಅಮ್ಮನ ಮೊಬೈಲ್‌ನಲ್ಲಿ ತೆಗೆಯಿರಿ. ತಿಂಡಿ ಹಾಕಿ ಕರೆಯಬಾರದು, ಅಟ್ಟಬಾರದು, ಮುಟ್ಟಬಾರದು. ಮೈಯ ಪಟ್ಟೆ, ಕಿವಿಯ ಹರಕು, ಬಾಲದ ತುದಿ ನೋಡಿ ಒಂದೊಂದಕ್ಕೂ ಸಂಖ್ಯೆ ಕೊಡಿ. ಹೆಸರಿಟ್ಟರೂ ಸರಿಯೇ, ಆದರೆ ಕನ್ನಡದ ಹೆಸರಿಡಿ. ನಾಲ್ಕು ದಿನ ಬಿಟ್ಟು ಅದೇ ಸಮಯಕ್ಕೆ ಅದೇ ದಾರಿಯಲ್ಲಿ ಮತ್ತೆ ಹೋಗಿ. ಎರಡನೇ ಸಲ ಕಂಡವುಗಳಲ್ಲಿ ಹಳೆಯವು ಎಷ್ಟು, ಹೊಸವು ಎಷ್ಟು? ಅವರೆಕಾಳಿನ ಲೆಕ್ಕದಂತೆ ನಿಮ್ಮ ಬೀದಿಯ ಒಟ್ಟು ಬೆಕ್ಕುಗಳನ್ನು ಅಂದಾಜು ಮಾಡಿ. ಹೆಣ್ಣು, ಗಂಡು, ಮರಿ ಎಂದು ಗೊತ್ತಾದರೆ ಅದನ್ನೂ ಬರೆಯಿರಿ. ಕಪ್ಪು ಬೆಕ್ಕುಗಳನ್ನು ಒಂದರಿಂದ ಇನ್ನೊಂದನ್ನು ಬೇರ್ಪಡಿಸುವುದು ಕಷ್ಟವಾಗುತ್ತದೆ. ಆಗ ಏನು ಮಾಡಿದಿರಿ ಎಂಬುದನ್ನು ಎರಡು ವಾಕ್ಯಗಳಲ್ಲಿ, ಅಂದವಾದ ಕೈಬರಹದಲ್ಲಿ ಬರೆದು, ನೋಟ್‌ಪುಸ್ತಕವನ್ನು ಭಾನುವಾರ ನನ್ನ ಮೇಜಿನ ಮೇಲೆ ಇಡಿ.